ಸನ್ಮಾನದ ದಿನ ಮಕ್ಕಳಿಗೆ ಏನು ಹೇಳಲಿ?

(ಸಾಗರ ತಾಲೂಕಿನ ತುಮರಿ ಕಡೆಯ ಓದುಗರೊಬ್ಬರ ಪತ್ರ ಇದು. ಅವರು ಕೇಳಿಕೊಂಡಿದ್ದರಿಂದ ಹೆಸರು ಹಾಕಿಲ್ಲ. ಅಪ್ಪ ತೀರಿಕೊಂಡ ಮೇಲೆ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು, ಅಮ್ಮನ ಜೊತೆ ಅಡಿಕೆ ಸುಲಿಯಲು ಹೋದವರು. ಎರಡು ವರ್ಷ ಕಳೆದ ಮೇಲೆ ಮೇಷ್ಟರೊಬ್ಬರು ಮನೆಗೆ ಬಂದು, ಅಮ್ಮನನ್ನು ಒಪ್ಪಿಸಿ ಹಾಸ್ಟೆಲ್ಲಿಗೆ ಸೇರಿಸಿದರು. ಈಗ ಶಿವಮೊಗ್ಗದಲ್ಲಿ ನರ್ಸ್. ಊರಿನ ಶಾಲೆಯ ವಾರ್ಷಿಕೋತ್ಸವದಲ್ಲಿ ಸನ್ಮಾನ ಇದೆ. ‘ಕಷ್ಟಪಟ್ಟರೆ ಏನು ಬೇಕಾದರೂ ಆಗಬಹುದು ಅಂತ ಮಕ್ಕಳಿಗೆ ಹೇಳಮ್ಮ’ ಎಂದಿದ್ದಾರಂತೆ. ‘ನನ್ನ ಜೊತೆ ಸುಲಿಯುತ್ತಿದ್ದ ಗೆಳತಿ ನನಗಿಂತ ಜಾಸ್ತಿ ಕಷ್ಟಪಟ್ಟಳು. ಅವಳು ಇವತ್ತೂ ಸುಲಿಯುತ್ತಿದ್ದಾಳೆ. ಅವಳ ಎದುರು ಈ ಮಾತು ಹೇಗೆ ಹೇಳಲಿ? ಊರಿಗೆ ಏನಾದರೂ ಮಾಡುವ ಆಸೆಯೂ ಇದೆ, ಕೈಯಲ್ಲಿ ದುಡ್ಡಿಲ್ಲ’ ಎಂದು ಕೇಳಿದ್ದಾರೆ.)

ಪ್ರೀತಿಯ ತಂಗಿ,

ಆ ಮಾತು ಬಾಯಿಗೆ ಬರುತ್ತಿಲ್ಲ ಅಂದರೆ ಹೇಳಲೇಬೇಡಿ. ನಿಮ್ಮ ಅನುಮಾನ ಸರಿಯಾಗಿದೆ. ಕಷ್ಟ ನಿಮ್ಮ ಎರಡು ವರ್ಷದ ಶಾಲೆಯನ್ನು ತಿಂದಿತು. ಅಡಿಕೆ ಗೊನೆಯ ಕೊಯ್ಲು ಶುರುವಾದರೆ ರಾತ್ರಿ ಎಷ್ಟು ಹೊತ್ತಾದರೂ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರಬೇಕು. ಶಾಲೆ ಬಿಡದೆ ಸುಲಿಯುವ ಮಕ್ಕಳಿಗೆ ಮಾರನೇ ದಿನ ಕ್ಲಾಸಿನಲ್ಲಿ ಕಣ್ಣು ಎಳೆಯುತ್ತದೆ. ಕೈಯ ಕಪ್ಪು ಕರೆ ನೋಡಿ ಪಕ್ಕದವರು ನಗುತ್ತಾರೆ. ಇದರಲ್ಲಿ ಮಗುವಿಗೆ ಒಳ್ಳೆಯದು ಏನಿದೆ? ನೀವು ದುಡಿದಿರಿ, ಛಲದಿಂದ ಓದಿದಿರಿ, ಅದರ ಬಗ್ಗೆ ಹೆಮ್ಮೆ ಇರಲಿ. ಆದರೆ ಆ ಛಲಕ್ಕೆ ಜಾಗ ಸಿಕ್ಕಿದ್ದು ಹಾಸ್ಟೆಲ್ಲಿನ ಊಟ, ದೀಪ, ಹಾಸಿಗೆ ಸಿಕ್ಕ ಮೇಲೆ, ಅಲ್ವಾ? ನಿಮ್ಮ ಗೆಳತಿಯ ಮನೆಗೆ ಯಾವ ಮೇಷ್ಟರೂ ಬರಲಿಲ್ಲ.

ನಿಮ್ಮ ತಾಲೂಕಿನ ಕಾಗೋಡನ್ನೇ ನೋಡಿ. 1951ರಲ್ಲಿ ಅಲ್ಲಿ ಸತ್ಯಾಗ್ರಹಕ್ಕೆ ಇಳಿದ, ಒಡೆಯರ ಗದ್ದೆಯಲ್ಲಿ ದುಡಿಯುವ ಗೇಣಿದಾರರಿಗೆ ದುಡಿಮೆ ಹೊಸದಾಗಿತ್ತೇ? ತಲೆಮಾರುಗಳಿಂದ ಗದ್ದೆಯಲ್ಲೇ ಬದುಕಿದವರು. ಬೆಳೆದ ಭತ್ತವನ್ನು ಒಡೆಯರಿಗೆ ಅಳೆದು ಕೊಡುವ ಪಾತ್ರೆ, ಕೊಳಗದಲ್ಲೇ ಅನ್ಯಾಯ ಇತ್ತು. ಬರೀ ದುಡಿಮೆಯಿಂದ ಬದುಕು ಮೇಲೇಳುವುದಾದರೆ ಅವರು ಯಾವಾಗಲೋ ಎದ್ದಿರಬೇಕಿತ್ತು. ಅವರು ಒಟ್ಟಾಗಿ ಕೇಳಿದರು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರಂಥವರು ಜೊತೆಗೆ ನಿಂತರು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಕಾನೂನು ಬಂದ ಮೇಲೆ ಎಷ್ಟೋ ಗೇಣಿದಾರರ ಹೆಸರಿಗೆ ಗದ್ದೆ ಆಯಿತು.

ನಿಮ್ಮ ಊರಿನ ಕಡೆಗೆ ಇನ್ನೊಂದು ಕಷ್ಟ ಇತ್ತು. 1964ರಲ್ಲಿ ಕರೆಂಟಿಗಾಗಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ನಿಂತಿತು. ಸಾಗರಕ್ಕೆ ಹೋಗಲು ಲಾಂಚ್ ಕಾಯಬೇಕಾಯಿತು. ಆ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ! ಇಡೀ ನಾಡಿಗೆ ಕರೆಂಟು ಕೊಟ್ಟ ಜನ ಅವರು. ಅಷ್ಟು ವರ್ಷ ಮಕ್ಕಳ ಓದು ಆ ದಡದಲ್ಲೇ ನಿಂತರೆ ಅದು ಮಕ್ಕಳ ಸೋಮಾರಿತನವೇ? ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ಹಾಗಾಗಿ ವೇದಿಕೆ ಮೇಲೆ ನೀವು ಹೇಗೆ ಓದಿದಿರಿ ಎಂಬುದನ್ನು ಬಿಡಿಬಿಡಿಯಾಗಿ ಹೇಳಿ. ಯಾವ ಅರ್ಜಿ, ಯಾವ ಕಚೇರಿ, ಯಾವ ತಿಂಗಳು. ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಆರನೇ ಕ್ಲಾಸಿಗೆ ಸೇರಲು ಐದನೇ ಕ್ಲಾಸಿನಲ್ಲಿರುವಾಗಲೇ ಪ್ರವೇಶ ಪರೀಕ್ಷೆ ಬರೆಯಬೇಕು. ಅದು ಗೊತ್ತಾಗುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಕಾಲ ಮೀರಿರುತ್ತದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಮೊದಲೇ ಹೋಗಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಒಂದು ಸಬ್ಜೆಕ್ಟ್ ಹೋಯಿತೆಂದು ಹುಡುಗಿಯನ್ನು ಮನೆಯಲ್ಲಿ ಕೂರಿಸುತ್ತಾರೆ. ಅದೇ ವರ್ಷ ಮತ್ತೊಮ್ಮೆ ಪರೀಕ್ಷೆ ಬರೆಯಲು ಅವಕಾಶ ಇದೆ ಎಂದು ಆ ತಾಯಂದಿರಿಗೆ ಹೇಳಿ. ‘ನಮ್ಮ ಮನೆಯ ಹುಡುಗಿಯೇ ಹೇಳಿದಳು’ ಅಂದರೆ ಕೇಳುತ್ತಾರೆ.

ಇನ್ನು ದುಡ್ಡಿನ ಮಾತು. ಮೊದಲು ನಿಮಗೆ ಸಾಲ ಇದ್ದರೆ ತೀರಿಸಿ, ಅಮ್ಮನನ್ನು ನೋಡಿಕೊಳ್ಳಿ. ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಕೆಲಸದ ತಿಳಿವಳಿಕೆಯನ್ನೇ ಕೊಡಿ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಿಮ್ಮ ತಾಲೂಕಿನ ಅರಳಗೋಡು ಎಷ್ಟು ನೊಂದಿತು ಎಂದು ನಿಮಗೇ ಗೊತ್ತು. ಮಳೆ ನಿಂತು ಬಿಸಿಲು ಬಂತೆಂದರೆ ಜನ ಸೊಪ್ಪು, ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುತ್ತಾರೆ. ಈ ಕಾಯಿಲೆ ಹರಡುವ ಉಣುಗು, ಅಂದರೆ ಉಣ್ಣೆ ಹುಳು, ಕಚ್ಚುತ್ತದೆ. ಜ್ವರ, ತಲೆನೋವು, ಮೈಕೈ ನೋವು ಬಂದರೆ ‘ಸುಮ್ನೆ ಜ್ವರ’ ಎಂದು ಮಾತ್ರೆ ನುಂಗಿ ಮಲಗುತ್ತಾರೆ. ಬೇಗ ಆಸ್ಪತ್ರೆಗೆ ಹೋಗಿ, ಮಂಗ ಸತ್ತಿದ್ದು ಕಂಡರೆ ಮುಟ್ಟದೆ ತಿಳಿಸಿ ಎಂದು ಮನೆ ಜಗಲಿಯಲ್ಲಿ ಕೂತು ಹೇಳಲು ನಿಮಗಿಂತ ಹತ್ತಿರದವರು ಯಾರು?

ಗೆಳತಿಯ ವಿಷಯ. ಸನ್ಮಾನಕ್ಕೆ ಮೊದಲೇ ಅವರ ಮನೆಗೆ ಹೋಗಿ ಬನ್ನಿ. ಅವರನ್ನು ಕೇಳದೆ ಅವರ ಕಥೆಯನ್ನು ವೇದಿಕೆಯಲ್ಲಿ ಹೇಳಬೇಡಿ. ಶಾಲೆಗೆ ಹೋಗದೆಯೂ ಎಸ್ಸೆಸ್ಸೆಲ್ಸಿ ಕಟ್ಟಬಹುದು ಎಂದು ಅವರಿಗೆ ಗೊತ್ತಿದೆಯೇ, ಕೇಳಿ. ಮನಸ್ಸಿದ್ದರೆ ಪುಸ್ತಕದ ಖರ್ಚು ಈ ಪತ್ರಿಕೆಯದು. ಹಾಸ್ಟೆಲ್ ಅರ್ಜಿಯ ವಿವರವನ್ನು ಎರಡು ಪುಟ ಬರೆದು ನಮಗೂ ಕಳಿಸಿ. ಮಕ್ಕಳು ಅರ್ಜಿ ಹಾಕುವ ಹೊತ್ತಿಗೆ ಅಚ್ಚು ಹಾಕುತ್ತೇವೆ.

— ಸಂಪಾದಕ