ಒಂದು ಚಮಚ ಬೀನ್ಸ್

ನಿಮ್ಮ ಪತ್ರ ಓದಿದೆ. ಆಗಸ್ಟ್‌ನಲ್ಲಿ ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದಿದ್ದೀರಿ, ಮ್ಯಾನೇಜರ್ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಮನೆಗೆ ಕರೆದಿದ್ದಾರೆ, ನೀವಿಬ್ಬರೂ ಸಸ್ಯಾಹಾರಿಗಳು. ಅಲ್ಲಿ ಏನು ತಿನ್ನಬಹುದು, ಏನು ತಗೊಂಡು ಹೋಗಬೇಕು, ಸೇರದಿದ್ದರೆ ತಟ್ಟೆಯಲ್ಲಿ ಬಿಡಬಹುದಾ ಅಂತ ಕೇಳಿದ್ದೀರಿ. ಹಿಮದಲ್ಲಿ ಕಾರು ಓಡಿಸೋದು, ಹೆಂಡತಿಯ ವೀಸಾ ಬಗ್ಗೆಯೂ ಕೇಳಿದ್ದೀರಿ. ಕಾರಿಗೆ ಹಿಮದ ಟೈರ್ ಹಾಕಿಸಿ, ಡಿಕ್ಕಿಯಲ್ಲಿ ಒಂದು ಕಂಬಳಿ ಇಡಿ. ವೀಸಾ ವಿಷಯ ವಕೀಲರನ್ನೇ ಕೇಳಿ, ನನ್ನ ಕಾಲದ ಮಾತು ನಂಬಬೇಡಿ. ಊಟದ ವಿಷಯ ಮಾತ್ರ ನಾನು ಸ್ವಲ್ಪ ಹೇಳಬಲ್ಲೆ, ಏಕೆಂದರೆ ಅದರಲ್ಲೇ ನಾನು ಎಡವಿದ್ದು.

ನಾವು ಹಾಸನದಿಂದ ಬಂದ ವರ್ಷ 2003. ನವೆಂಬರ್ 27ರ ಗುರುವಾರ, ಥ್ಯಾಂಕ್ಸ್‌ಗಿವಿಂಗ್ ದಿನ, ಪಕ್ಕದ ಮನೆಯ ಅಜ್ಜಿ ಕರೆದಿದ್ದರು. ಎರಡು ಗಂಟೆಗೆ ಬನ್ನಿ ಅಂದಿದ್ದರು. ಡಿನ್ನರ್ ಅಂದಮೇಲೆ ರಾತ್ರಿ ಊಟ ಅಲ್ವಾ, ಮಧ್ಯಾಹ್ನ ಸುಮ್ನೆ ಮಾತಾಡೋಕೆ ಕರೆದಿರಬೇಕು ಅಂದುಕೊಂಡೆವು. ಹನ್ನೆರಡಕ್ಕೆ ಹೊಟ್ಟೆ ತುಂಬ ಚಿತ್ರಾನ್ನ ತಿಂದು ಹೋದೆವು. ಹೋದರೆ ಟೇಬಲ್ ಮೇಲೆ ಹಬ್ಬದೂಟವೇ ರೆಡಿ. ನೀವು ಹಾಗೆ ಮಾಡಬೇಡಿ. ಇಲ್ಲಿ ಈ ದಿನದ ಡಿನ್ನರ್ ಎಷ್ಟೋ ಮನೆಗಳಲ್ಲಿ ಹಾಡುಹಗಲೇ ಆಗುತ್ತದೆ.

ಟರ್ಕಿ ಕೋಳಿ ಬಿಡಿ, ಅದು ನಮಗಲ್ಲ. ಆದರೆ ಸ್ಟಫಿಂಗ್ ನೋಡಿ ಮೋಸಹೋಗಬೇಡಿ. ಬ್ರೆಡ್ ಚೂರು, ಈರುಳ್ಳಿ, ಸೆಲರಿ, ನೋಡೋಕೆ ನಮ್ಮ ಬ್ರೆಡ್ ಉಪ್ಪಿಟ್ಟು. ಬೇಯೋದು ಮಾತ್ರ ಹಕ್ಕಿಯ ಹೊಟ್ಟೆಯೊಳಗೆ, ಇಲ್ಲವೇ ಕೋಳಿ ಸಾರಿನಲ್ಲಿ. ಗ್ರೇವಿಯೂ ಹಾಗೇ. ಗೆಣಸಿನ ಮೇಲೆ ಮಾರ್ಷ್‌ಮ್ಯಾಲೋ ಹಾಕಿ ಬೇಯಿಸಿರುತ್ತಾರೆ, ಆ ಮೆತ್ತನೆಯ ಸಿಹಿಯಲ್ಲಿ ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ. ಹಸಿರು ಜೆಲ್ಲಿಯೊಳಗೆ ತುರಿದ ಕ್ಯಾರೆಟ್ ಹಾಕಿ ಅದಕ್ಕೆ ಸಲಾಡ್ ಅನ್ನುತ್ತಾರೆ, ಅದರಲ್ಲೂ ಜೆಲಟಿನ್ನೇ. ಅದೊಂದು ನಿಮಗೆ ನಷ್ಟವೇನಲ್ಲ ಬಿಡಿ. ಕ್ರ್ಯಾನ್‌ಬೆರಿ ಹಣ್ಣಿನ ಸಾಸ್ ಡಬ್ಬಿಯಿಂದ ಜಾರಿ ಬರುತ್ತದೆ, ಮೈಮೇಲೆ ಡಬ್ಬಿಯ ಗೆರೆಗಳ ಸಮೇತ. ಹುಳಿ ಸಿಹಿ ಗೊಜ್ಜು ಅಂದುಕೊಂಡು ತಿನ್ನಿ. ಹಿಸುಕಿದ ಆಲೂಗಡ್ಡೆ, ಬನ್ ಸಾಮಾನ್ಯವಾಗಿ ತೊಂದರೆಯಿಲ್ಲ. ಕುಂಬಳಕಾಯಿ ಪೈ ತಿನ್ನುವ ಮೊದಲು ಹೊರಪದರಕ್ಕೆ ಹಂದಿ ಕೊಬ್ಬು ಹಾಕಿದ್ದಾರಾ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯಲ್ಲ.

ಮಿನೆಸೊಟಾದಲ್ಲಿ ನಾರ್ವೆ ಮೂಲದವರು ಜಾಸ್ತಿ. ಅಂಥ ಮನೆಯಾದರೆ ಕ್ರಿಸ್ಮಸ್‌ಗೆ ಲುಟಫಿಸ್ಕ್ ಎಂಬ ಹೆಸರು ಕಿವಿಗೆ ಬೀಳುತ್ತದೆ. ಒಣಮೀನನ್ನು ಕ್ಷಾರದ ನೀರಲ್ಲಿ ನೆನೆಸಿ, ಆಮೇಲೆ ದಿನಗಟ್ಟಲೆ ಬರೀ ನೀರಲ್ಲಿ ನೆನೆಸಿ ಬೇಯಿಸೋದು. ಬೆಂದಮೇಲೆ ಲೋಳೆ ಲೋಳೆ. ಅದನ್ನು ಬೈಯುವವರೂ ಚರ್ಚಿನ ನೆಲಮಾಳಿಗೆಯಲ್ಲಿ ಅದರ ಊಟಕ್ಕೆ ಸಾಲು ನಿಲ್ಲುತ್ತಾರೆ. ನೀವು ಪಕ್ಕದಲ್ಲಿರುವ ಲೆಫ್ಸೆ ಕೇಳಿ ಹಾಕಿಸಿಕೊಳ್ಳಿ. ಆಲೂಗಡ್ಡೆಯ ತೆಳು ರೊಟ್ಟಿ, ಬೆಣ್ಣೆ ಸಕ್ಕರೆ ಸವರಿ ಸುತ್ತುತ್ತಾರೆ. ಮೊದಲ ಸಲ ತಿಂದಾಗ ಅಮ್ಮನ ಹೋಳಿಗೆ ನೆನಪಾಗಿ ಗಂಟಲು ಕಟ್ಟಿತ್ತು.

ಈಗ ಬೀನ್ಸ್. ಗ್ರೀನ್ ಬೀನ್ ಕ್ಯಾಸರೋಲ್ ಅಂತ ಒಂದಿದೆ. ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಡೋರ್ಕಸ್ ರೈಲಿ ಎಂಬಾಕೆ 1955ರಲ್ಲಿ ಮಾಡಿದ್ದು. ಬೀನ್ಸ್, ಡಬ್ಬಿಯ ಅಣಬೆ ಸೂಪು, ಮೇಲೆ ಕರಿದ ಈರುಳ್ಳಿ. ನಮ್ಮ ಅಜ್ಜಿ ಅಣಬೆಗೆ ನಾಯಿಕೊಡೆ ಅಂತ ಮೂಗು ಮುರಿಯುತ್ತಿದ್ದವರು, ಒಳಗೇ ಬಿಡುತ್ತಿರಲಿಲ್ಲ. ಆ ದಿನ ಎಲ್ಲದಕ್ಕೂ ನಾನು "ಬೇಡ, ಬೇಡ" ಅಂದೆ. ನಮ್ಮೂರಲ್ಲಿ ಬೇಡ ಅಂದರೆ ಇನ್ನೂ ಎರಡು ಸಲ ಉಪಚಾರ ಮಾಡಿ ಬಡಿಸುತ್ತಾರೆ ತಾನೆ? ಇಲ್ಲಿ ಬೇಡ ಅಂದರೆ ಬೇಡ, ಪಾತ್ರೆ ಮುಂದಕ್ಕೆ ಹೋಗುತ್ತದೆ. ಈ ಬೀನ್ಸ್ ಮಾತ್ರ ಪಕ್ಕದ ಮನೆಯ ಅಜ್ಜಿ ತಾವೇ ಬಡಿಸಿದರು. "ಇದರಲ್ಲಿ ಮಾಂಸ ಇಲ್ಲ, ನಿಮಗೋಸ್ಕರ ಡಬ್ಬಿಯ ಮೇಲಿನ ಚೀಟಿ ಎರಡು ಸಲ ಓದಿದೆ" ಅಂದರು.

ಈರುಳ್ಳಿ ಗರಿಗರಿಯಾಗಿ ಚೆನ್ನಾಗಿತ್ತು. ಕೆಳಗೆ ಬೂದು ಬಣ್ಣದ ಗಂಜಿ. ನಾಲಿಗೆಗೆ ಅಣಬೆ ತಾಗಿದ್ದೇ ತಡ, ನ್ಯಾಪ್ಕಿನ್ ಬಾಯಿಗೆ ಹಿಡಿದು ಉಗಿದೆ. ತಟ್ಟೆಯಲ್ಲಿದ್ದ ಉಳಿದದ್ದನ್ನೂ ಅದರೊಳಗೇ ಸುತ್ತಿದೆ. ಬಿಸಾಡುವ ಪೇಪರ್ ಅಂದುಕೊಂಡಿದ್ದೆ. ಅದು ಬಟ್ಟೆಯದು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಅಂಚಿಗೆ ಕೈಕಸೂತಿಯ ಎಲೆಗಳು. ಟೇಬಲ್ ತೆಗೆಯುವಾಗ ಅಜ್ಜಿ ಅದನ್ನು ಕೊಡವಿದರು. ನನ್ನ ಬೀನ್ಸ್ ಅವರ ಚಪ್ಪಲಿಯ ಮೇಲೆ ಬಿತ್ತು. "ಪರವಾಗಿಲ್ಲ" ಅಂದರು, ಅಷ್ಟೇ.

ಮುಂದಿನ ವರ್ಷವೂ ಕರೆದರು. ನಮ್ಮ ಮುಂದೆ ಬಟ್ಟಲಲ್ಲಿ ಬರೀ ಉಪ್ಪು ಹಾಕಿ ಬೇಯಿಸಿದ ಬೀನ್ಸ್ ಇಟ್ಟಿದ್ದರು. ಕ್ಯಾಸರೋಲ್ ಕೈಯಿಂದ ಕೈಗೆ ಬಂದು, ಪಂಕ್ತಿಯಲ್ಲಿ ನಮ್ಮ ಎಲೆ ಮಾತ್ರ ದಾಟಿ ಹೋದ ಹಾಗೆ ಆಚೆ ಹೋಯಿತು. ಅಜ್ಜಿಯ ಮೊಮ್ಮಗ ನನ್ನ ಕಿವಿಯಲ್ಲಿ "ನೀವು ಪುಣ್ಯವಂತರು" ಅಂದ. ಆಗ ನೋಡಿದೆ. ಯಾರಿಗೂ ಅದು ಸೇರಲ್ಲ. ಅಜ್ಜಿಗೂ ಅಷ್ಟಕ್ಕಷ್ಟೆ. ಆದರೆ ಪ್ರತಿಯೊಬ್ಬರೂ ಒಂದು ಚಮಚ ಹಾಕಿಕೊಂಡರು, ಮುಖ ಕಿವುಚಿ ನಕ್ಕು ತಿಂದರು. ಯುಗಾದಿ ದಿನ ಅಪ್ಪ ಬೇವುಬೆಲ್ಲ ಹಿಡಿದು ನಿಂತಾಗ ನಾವು ಮಾಡುತ್ತಿದ್ದದ್ದೂ ಇದನ್ನೇ. ಅದನ್ನು ಯಾರಾದರೂ ಉಗಿದಿದ್ದರೆ ನಮ್ಮಪ್ಪ ಏನು ಮಾಡುತ್ತಿದ್ದರೋ.

2006ರಲ್ಲಿ ಅಜ್ಜಿ ಅರಿಜೋನಾದ ಮಗಳ ಮನೆಗೆ ಹೋದರು. ಒಂದು ಕಾಗದ ಬರೆಯಬೇಕು ಅಂದುಕೊಂಡೆ. ಬರೆಯಲಿಲ್ಲ.

ಹಾಗಾಗಿ ಏನನ್ನೂ ತುಂಬ ಹಾಕಿಸಿಕೊಳ್ಳಬೇಡಿ, ನೀವು ತಿನ್ನುವಂಥದ್ದಾದರೆ ಒಂದು ಚಮಚ ಮಾತ್ರ. ಮಾಂಸ ಇದ್ದರೆ ನೇರ ಹೇಳಿ, ಹೊಟ್ಟೆ ತುಂಬಿದೆ ಅಂತ ಸುಳ್ಳು ಬೇಡ. ನೀವು ಚಿತ್ರಾನ್ನ ತಗೊಂಡು ಹೋಗಿ, ಆದರೆ ಕಡಲೆಕಾಯಿ ಹಾಕಬೇಡಿ, ಎಷ್ಟೋ ಜನಕ್ಕೆ ಅಲರ್ಜಿ. ಹಸಿಮೆಣಸು ಒಂದೇ ಸಾಕು. ನಿಮ್ಮ ಚಿತ್ರಾನ್ನವನ್ನೂ ಕೆಲವರು ಒಂದೇ ಚಮಚ ತಿಂದು ನಗುತ್ತಾರೆ, ಲೆಕ್ಕ ಇಡಬೇಡಿ. ಸ್ಟೀಲ್ ಡಬ್ಬಿ ತೊಳೆದು ವಾಪಸ್ ಕೊಡುತ್ತಾರೆ. ಖಾಲಿಯೇ ಇರುತ್ತದೆ, ನಾಲ್ಕು ಕಾಳು ಸಕ್ಕರೆ ಕೂಡ ಹಾಕಿರಲ್ಲ. ಬೇಜಾರು ಮಾಡ್ಕೋಬೇಡಿ.