ಅರ್ಧ ಚೆಂಡಿಗೊಮ್ಮೆ ಏಳಿ

ಅವರು ನನ್ನ ಹತ್ತಿರ ಬಂದದ್ದು ನಿದ್ದೆ ಬರುವುದಿಲ್ಲ ಅಂತ. ಉಡುಪಿ ಹತ್ತಿರದ ಶಂಕರಪುರದ ಕಡೆಯವರು, ವಯಸ್ಸು 46 ಅಂತಿಟ್ಟುಕೊಳ್ಳಿ, ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಇಪ್ಪತ್ತು ವರ್ಷದಿಂದ ಮಲ್ಲಿಗೆ ಕಟ್ಟುತ್ತಿದ್ದಾರೆ. ಬೆಳಗ್ಗೆ ಬೇಗ ಮೊಗ್ಗು ಕೊಯ್ದು, ನೆಲದ ಮೇಲೆ ಕೂತು, ಬಾಳೆ ನಾರಿನಲ್ಲಿ ಕಟ್ಟಿ, ಹೂ ಒಯ್ಯುವವರು ಬರುವುದರೊಳಗೆ ಮುಗಿಸಬೇಕು. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಷ್ಟೂ ಹೊತ್ತು ತಲೆ ಕೆಳಗೆ. ತಲೆಯ ತೂಕ ಸುಮಾರು 5 ಕಿಲೋ, ಅದು ಮುಂದಕ್ಕೆ ಬಾಗಿದಷ್ಟೂ ಕುತ್ತಿಗೆಯ ಹಿಂದಿನ ಸ್ನಾಯುಗಳು ಜಾಸ್ತಿ ಎಳೆದು ಹಿಡಿಯಬೇಕು.

ಆದರೆ ಅವರ ನಿದ್ದೆ ಕೆಡಿಸಿದ್ದು ಕುತ್ತಿಗೆ ಬೇನೆಗಿಂತ ಕುತ್ತಿಗೆಯ ಒಂದು ಎಕ್ಸ್‌ರೇ. ಅದರಲ್ಲಿ "ಸವೆತ" ಅಂತ ಬರೆದಿತ್ತು. ಪಕ್ಕದ ಮನೆಯವರು "ಇನ್ನು ಕೈಕಾಲು ಬೀಳುತ್ತದೆ" ಅಂದರಂತೆ. ಅಲ್ಲಿಂದ ಮೂರು ತಿಂಗಳು ಹಗಲು ರಾತ್ರಿ ಕಾಲರ್, ಅಂದರೆ ಕುತ್ತಿಗೆ ಅಲುಗದಂತೆ ಹಾಕುವ ಪಟ್ಟಿ. ಕುತ್ತಿಗೆ ತಿರುಗಿಸಲಿಕ್ಕೇ ಹೆದರಿಕೆ, ತಿರುಗಿಸದೆ ಅದು ಇನ್ನಷ್ಟು ಬಿಗಿಯಾಯಿತು. ಮನೆಯಲ್ಲಿ ಅತ್ತೆ, "ನಾವು ಕಟ್ಟಲಿಲ್ವಾ? ನಮಗೆ ಕುತ್ತಿಗೆ ಇರಲಿಲ್ವಾ?"

ನಾನು ಸಲಹೆ ಕೊಡುವವಳು, ಡಾಕ್ಟರಲ್ಲ. ಹಾಗಾಗಿ ಮೊದಲು ವೈದ್ಯರ ಹತ್ತಿರ ಕಳಿಸಿದೆ. ಕೈಯಲ್ಲಿ ಬಲ ಕಡಿಮೆಯಾಗುವುದು, ಜೋಮು ಬಿಡದೇ ಇರುವುದು, ನಡೆಯುವಾಗ ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು, ಬಿದ್ದ ಮೇಲೆ ಶುರುವಾದ ನೋವು, ಇದ್ಯಾವುದಿದ್ದರೂ ಸಲಹೆ ಕೇಳುತ್ತಾ ಕೂರಬಾರದು. ಅವರಿಗೆ ಯಾವುದೂ ಇರಲಿಲ್ಲ. ನಲವತ್ತು ದಾಟಿದವರಲ್ಲಿ ನೋವೇ ಇಲ್ಲದವರ ಎಕ್ಸ್‌ರೇಯಲ್ಲೂ ಸವೆತ ಕಾಣುವುದು ಮಾಮೂಲಿ ಅಂತ ವೈದ್ಯರು ಹೇಳಿದ ದಿನ ಅವರು ನನ್ನೆದುರು ಅತ್ತರು. ಕಾಲರನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ ಬಿಡಿಸಿದರು.

ಫಿಸಿಯೋದವರು ಹೇಳಿಕೊಟ್ಟದ್ದು ಹೆಚ್ಚೇನಿಲ್ಲ. ನೇರ ನೋಡುತ್ತಾ ಗಲ್ಲವನ್ನು ಹಿಂದಕ್ಕೆ ಎಳೆದು 5 ಸೆಕೆಂಡ್ ಹಿಡಿಯುವುದು, 10 ಸಲ. ಭುಜದ ಹಿಂದಿನ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತರುವುದು. ಕಿವಿಯನ್ನು ಭುಜದ ಕಡೆ ಬಾಗಿಸಿ 20 ಸೆಕೆಂಡ್, ಎರಡೂ ಕಡೆ. ಎಳೆತ ಗೊತ್ತಾಗಬೇಕು, ಚುಚ್ಚಬಾರದು. ಎರಡು ದಿಂಬಿನ ಬದಲು ಒಂದೇ.

ಮಾಡಿದರಾ? ಇಲ್ಲ. "ಪುರುಸೊತ್ತು ಎಲ್ಲುಂಟು ಮೇಡಂ?"

ಅರ್ಧ ಗಂಟೆಗೊಮ್ಮೆ ಮೊಬೈಲಿನಲ್ಲಿ ಅಲಾರಂ ಇಡಿ ಅಂದೆ. ನಕ್ಕುಬಿಟ್ಟರು. ಕೈಯೆಲ್ಲ ಒದ್ದೆ, ಅದನ್ನು ಆಫ್ ಮಾಡುವುದು ಯಾರು? ಸರಿ, ಮುಂದಿನ ಸಲ ಹೂವು, ನಾರು ತನ್ನಿ, ಕಟ್ಟಿ ತೋರಿಸಿ ಅಂದೆ. ಅವರು ಕಟ್ಟುವುದನ್ನು ನೋಡಿದ ಮೇಲೇ ನನಗೆ ಬುದ್ಧಿ ಬಂದದ್ದು. ಅವರ ಗಡಿಯಾರ ಹೂವಿನ ಲೆಕ್ಕ! ಹಾಗಾದರೆ 400 ಹೂವಾದ ಕೂಡಲೇ, ಅಂದರೆ ಅರ್ಧ ಚೆಂಡಿಗೆ, ಎದ್ದು ನಿಂತು ಗಲ್ಲ, ಭುಜದ ವ್ಯಾಯಾಮ, ಒಂದೇ ನಿಮಿಷ. ಹೂವಿನ ತಟ್ಟೆ ನೆಲದಿಂದ ಸ್ಟೂಲಿನ ಮೇಲೆ ಬಂತು, ಬೆನ್ನು ಗೋಡೆಗೆ. ಕೆಲಸ ಬಿಡಿ ಅಂತ ನಾನು ಒಮ್ಮೆಯೂ ಹೇಳಲಿಲ್ಲ. ಹೇಳುವುದು ಸುಲಭ, ಮನೆ ನಡೆಯಬೇಕಲ್ಲ.

ಅತ್ತೆಯನ್ನೂ ಒಮ್ಮೆ ಕರೆಸಿದೆ. ಬಂದವರು ಪಕ್ಕದಲ್ಲಿ ಕೂತ ಸೊಸೆಯನ್ನು ನೋಡಲು ಕುತ್ತಿಗೆ ತಿರುಗಿಸಲಿಲ್ಲ, ಇಡೀ ಮೈ ತಿರುಗಿಸಿದರು. "ನಿಮಗೆ ಬೇನೆ ಇಲ್ವಾ ಅಮ್ಮ?" ಅಂದೆ. "ಉಂಟು. ಯಾರಿಗೆ ಹೇಳುದು?" ಅಂದರು. ಆಮೇಲೆ ಮನೆಯಲ್ಲಿ ಮಾತು ಸ್ವಲ್ಪ ಮೆತ್ತಗಾಯಿತು.

ಎರಡು ತಿಂಗಳಾಯಿತು. ಬೇನೆ ಪೂರ್ತಿ ಹೋಗಿಲ್ಲ. ಮದುವೆ ಸೀಸನ್ನಿನಲ್ಲಿ ಮತ್ತೆ ಏರಬಹುದು, ಆಗ ಹೆದರಿ ವ್ಯಾಯಾಮ ನಿಲ್ಲಿಸಬೇಡಿ ಅಂತ ಮೊದಲೇ ಹೇಳಿಟ್ಟಿದ್ದೇನೆ. ನಿದ್ದೆ ಬರುತ್ತಿದೆ. ಕಾಲರ್ ಎಂತ ಮಾಡಿದ್ರಿ ಅಂತ ಮೊನ್ನೆ ಕೇಳಿದೆ.

"ಅತ್ತೆ ಹಾಕ್ಕೊಂಡು ಕೂತಿದ್ದಾರೆ ಮೇಡಂ."

ಅವರನ್ನೂ ಮುಂದಿನ ವಾರ ಡಾಕ್ಟರಿಗೆ ತೋರಿಸಲು ಹೇಳಿದ್ದೇನೆ.