ಮೂಲನಿವಾಸಿಗಳ ಸಂಸ್ಥೆಗೆ ಅನುದಾನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಮೂಲನಿವಾಸಿಗಳು ತಾವೇ ಕಟ್ಟಿ ನಡೆಸುವ ಸಂಸ್ಥೆಗಳಿಗೆ ಅನುದಾನ ಹೇಗೆ ಸಿಗುತ್ತದೆ ಎಂದು ಕೇಳಿ ಬಂದ ಕಾಗದಗಳಲ್ಲಿ ನಾಲ್ಕನ್ನು ಈ ಸಲ ಆರಿಸಿಕೊಂಡಿದ್ದೇವೆ.

ನಾನು ವೃತ್ತಿಯಿಂದ ಅಕೌಂಟೆಂಟ್. ಇಲ್ಲಿನ ಟೊಹೊನೊ ಓದಮ್ ಜನರ ಚಿಕ್ಕ ಗುಂಪೊಂದು ಟೆಪರಿ ಕಾಳಿನ ಬೀಜ ಉಳಿಸಿ, ಮಕ್ಕಳಿಗೆ ತಮ್ಮ ಭಾಷೆಯಲ್ಲೇ ಬೇಸಾಯ ಕಲಿಸುತ್ತಿದೆ. ಅವರ ಲೆಕ್ಕ ಬರೆದುಕೊಡುತ್ತೇನೆ. ಗುಂಪು ಇನ್ನೂ ನೋಂದಣಿಯಾಗಿಲ್ಲ. ಅನುದಾನಕ್ಕೆ ಎಲ್ಲಿಂದ ಶುರು ಮಾಡಬೇಕು?
– ಒಬ್ಬ ಓದುಗರು, ಟೂಸಾನ್, ಅರಿಜೋನಾ

ಮೊದಲು ನೋಂದಣಿಗೆ ಓಡಬೇಡಿ. ಹಣ ಯಾವ ಹೆಸರಿನಲ್ಲಿ ಬರಬೇಕು ಎಂಬುದನ್ನು ಗುಂಪಿನ ಹಿರಿಯರು ಕೂತು ತೀರ್ಮಾನಿಸಲಿ. ದಾರಿ ಮೂರಿವೆ.

ಒಂದು, ಬುಡಕಟ್ಟು ಸರ್ಕಾರದ ಯಾವುದಾದರೂ ಇಲಾಖೆಯ ಅಡಿಯಲ್ಲೇ ಕೆಲಸ ನಡೆಸುವುದು. 1982ರ ಕಾನೂನಿನಿಂದ ಬಂದ ತೆರಿಗೆ ಸಂಹಿತೆಯ 7871ನೇ ಕಲಂ ಪ್ರಕಾರ, ಸಾರ್ವಜನಿಕ ಉದ್ದೇಶಕ್ಕೆ ಬರುವ ದೇಣಿಗೆಯ ವಿಷಯದಲ್ಲಿ ಬುಡಕಟ್ಟು ಸರ್ಕಾರವನ್ನು ರಾಜ್ಯ ಸರ್ಕಾರದಂತೆಯೇ ಕಾಣಬೇಕು. ಆದ್ದರಿಂದ ಅದಕ್ಕೆ 501(ಸಿ)(3) ಪತ್ರ, ಅಂದರೆ ದತ್ತಿ ಸಂಸ್ಥೆಯೆಂದು ತೆರಿಗೆ ಇಲಾಖೆ ಕೊಡುವ ಮಾನ್ಯತೆಯ ಪತ್ರ, ಬೇಕಿಲ್ಲ. ಈ ವಿಷಯ ಗೊತ್ತಿಲ್ಲದ ಫೌಂಡೇಶನ್ ಸಿಬ್ಬಂದಿ ಇನ್ನೂ ಇದ್ದಾರೆ. ಪತ್ರ ಕೇಳಿದರೆ ಕಲಂ ನಂಬರನ್ನೇ ಬರೆದು ಕಳಿಸಿ.

ಎರಡು, ಫಿಸ್ಕಲ್ ಸ್ಪಾನ್ಸರ್. ಈಗಾಗಲೇ ನೋಂದಣಿಯಾದ ಸಂಸ್ಥೆಯೊಂದು ನಿಮ್ಮ ಪರವಾಗಿ ಹಣ ಪಡೆದು, ಲೆಕ್ಕ ಇಟ್ಟು, ತನ್ನ ಪಾಲು ಹಿಡಿದುಕೊಳ್ಳುತ್ತದೆ. ಆ ಪಾಲು ಸಾಮಾನ್ಯವಾಗಿ ಶೇ. 5ರಿಂದ 10, ಕೆಲವೆಡೆ ಇನ್ನೂ ಹೆಚ್ಚು. ಜಗಳ ಹುಟ್ಟುವುದು ಆ ಶೇಕಡಾವಾರಿನಿಂದಲ್ಲ. ಮುಂದೆ ಗುಂಪು ಬೇರೆಯಾದರೆ ಉಳಿಕೆ ಹಣ, ಕೊಂಡ ಟ್ರ್ಯಾಕ್ಟರ್, ಬೀಜದ ದಾಸ್ತಾನು ಯಾರಿಗೆ ಸೇರಬೇಕು ಎಂದು ಒಪ್ಪಂದದಲ್ಲಿ ಬರೆಯದೇ ಇರುವುದರಿಂದ. ಅದನ್ನು ಬರೆಸಿಕೊಂಡೇ ಸಹಿ ಹಾಕಿ.

ಮೂರು, ಸ್ವಂತ 501(ಸಿ)(3). ಮುಂದಿನ ಮೂರು ವರ್ಷಗಳಲ್ಲಿ ಯಾವ ವರ್ಷವೂ ಆದಾಯ 50,000 ಡಾಲರ್ ದಾಟದು, ಆಸ್ತಿ 2,50,000 ಮೀರದು ಎನ್ನುವವರಿಗೆ 1023-ಇಜೆಡ್ ಎಂಬ ಚಿಕ್ಕ ಫಾರಂ ಇದೆ, ಶುಲ್ಕ 275 ಡಾಲರ್. ಪೂರ್ಣ ಫಾರಂಗೆ 600. ಬೇಗ ಆಗುತ್ತದೆಂದು ಚಿಕ್ಕ ಫಾರಂ ಹಾಕಿ, ಅದೇ ವರ್ಷ ಲಕ್ಷಾಂತರ ಡಾಲರಿನ ಅರ್ಜಿ ಹಾಕುವುದು ಸರಿಯಲ್ಲ, ಎರಡೂ ಕಾಗದ ಒಂದನ್ನೊಂದು ಸುಳ್ಳು ಮಾಡುತ್ತವೆ. ನೋಂದಣಿಯಾದ ಮೇಲೆ 50,000ದ ಒಳಗಿನವರೂ ವರ್ಷಕ್ಕೊಮ್ಮೆ ತೆರಿಗೆ ಇಲಾಖೆಗೆ 990-ಎನ್ ಎಂಬ ಚಿಕ್ಕ ವಿವರಪತ್ರ ಸಲ್ಲಿಸಲೇಬೇಕು. ಐದೇ ನಿಮಿಷದ ಕೆಲಸ, ಆದರೆ ಸತತ ಮೂರು ವರ್ಷ ಮರೆತರೆ ಮಾನ್ಯತೆ ತಾನಾಗಿಯೇ ರದ್ದಾಗುತ್ತದೆ.

ಕೇಂದ್ರ ಸರ್ಕಾರದ ಹಣ ಬೇಕಾದರೆ ಸ್ಯಾಮ್ ಎಂಬ ಪೋರ್ಟಲ್‌ನಲ್ಲಿ ನೋಂದಾಯಿಸಿ 12 ಅಕ್ಷರ-ಅಂಕಿಗಳ ಯುಇಐ ಎಂಬ ಗುರುತಿನ ಸಂಖ್ಯೆ ಪಡೆಯಬೇಕು. ಅರ್ಜಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ನೋಂದಣಿ ಪತ್ರದಲ್ಲಿ ಹೆಸರಿನ ಕೊನೆಗೆ ‘ಇಂಕ್’ ಇದ್ದು ತೆರಿಗೆ ಇಲಾಖೆಯ ಕಾಗದದಲ್ಲಿ ಇಲ್ಲದಿದ್ದರೆ, ಅಥವಾ ವಿಳಾಸದಲ್ಲಿ ಒಂದು ಕಡೆ ಅಂಚೆ ಪೆಟ್ಟಿಗೆ, ಇನ್ನೊಂದು ಕಡೆ ರಸ್ತೆಯ ಹೆಸರು ಇದ್ದರೆ, ಪರಿಶೀಲನೆ ವಾರಗಟ್ಟಲೆ ನಿಲ್ಲುತ್ತದೆ. ಮನೆಗಳಿಗೆ ರಸ್ತೆ ವಿಳಾಸವೇ ಇಲ್ಲದ ಮೀಸಲು ಪ್ರದೇಶಗಳಲ್ಲಿ ಇದು ದೊಡ್ಡ ತೊಡಕು. ಎಲ್ಲ ಕಾಗದದಲ್ಲೂ ಅಕ್ಷರ ಅಕ್ಷರ ಹೊಂದಲಿ, ಕೊನೆಯ ದಿನಾಂಕಕ್ಕೆ ಎರಡು ತಿಂಗಳಿರುವಾಗಲೇ ಶುರುಮಾಡಿ. ನೋಂದಣಿಗೆ ಕಾಸು ಕೊಡಬೇಕಿಲ್ಲ. ನವೀಕರಣ ವರ್ಷಕ್ಕೊಮ್ಮೆ, ಅದಕ್ಕೆ ಹಣ ಕೇಳಿ ಇಮೇಲ್ ಬಂದರೆ ಅದು ಖಾಸಗಿಯವರದು.

ಮೊದಲ ಹಣಕ್ಕೆ ಮೂಲನಿವಾಸಿಗಳೇ ನಡೆಸುವ ನಿಧಿಗಳ ಬಾಗಿಲು ತಟ್ಟಿ ಎಂಬುದು ನಮ್ಮ ಖಚಿತ ಸಲಹೆ. ಕೊಲರಾಡೊದ ಫಸ್ಟ್ ನೇಷನ್ಸ್ ಡೆವಲಪ್‌ಮೆಂಟ್ ಇನ್‌ಸ್ಟಿಟ್ಯೂಟ್, ದಕ್ಷಿಣ ಡಕೋಟಾದ ಎನ್‌ಡಿಎನ್ ಕಲೆಕ್ಟಿವ್, ಕ್ಯಾಲಿಫೋರ್ನಿಯಾದ ಸೆವೆಂತ್ ಜನರೇಷನ್ ಫಂಡ್ ಇಂಥವು. ದೊಡ್ಡ ಫೌಂಡೇಶನ್‌ಗಳು ಕೊಡುವ ಒಟ್ಟು ಹಣದಲ್ಲಿ ಮೂಲನಿವಾಸಿಗಳಿಗೆ ಮುಟ್ಟುವುದು ಶೇಕಡಾ ಅರ್ಧಕ್ಕಿಂತ ಕಡಿಮೆ. ಅದರಲ್ಲೂ ಚಿಕ್ಕ ಗುಂಪಿಗೆ ನೇರವಾಗಿ ತಲುಪುವುದು ಇನ್ನೂ ಕಷ್ಟ. ಈ ನಿಧಿಗಳ ಜೊತೆ ಮಾತಾಡುವಾಗ ಬೀಜ ಯಾಕೆ ಮುಖ್ಯ, ಭಾಷೆ ಯಾಕೆ ಮುಖ್ಯ ಎಂದು ಅಆಇಈಯಿಂದ ವಿವರಿಸುವ ಪಾಡು ಇರುವುದಿಲ್ಲ.

ಒಂದು ಇಲಾಖೆಗೆ 3,00,000 ಡಾಲರಿನ ಅರ್ಜಿ ಹಾಕಿದೆವು. ಶೇ. 20 ವಂತಿಗೆ ನಮ್ಮದು ಎಂದಿತ್ತು, 60,000 ತೋರಿಸಿದೆವು. ಲೆಕ್ಕ ತಪ್ಪು ಎಂದು ವಾಪಸು ಬಂತು. ತಪ್ಪು ಎಲ್ಲಿದೆ?
– ಸ್ವಯಂಸೇವಕಿ, ನ್ಯೂ ಮೆಕ್ಸಿಕೊ

ಶೇ. 20 ಎಂಬುದು ಅವರು ಕೊಡುವ ಹಣದ ಮೇಲಲ್ಲ, ಯೋಜನೆಯ ಒಟ್ಟು ವೆಚ್ಚದ ಮೇಲೆ. ಮೂಲನಿವಾಸಿಗಳಿಗಾಗಿಯೇ ಇರುವ ಕೇಂದ್ರ ಸಂಸ್ಥೆ ಎಎನ್‌ಎಯ ನಿಯಮವೂ ಹೀಗೇ ಇದೆ. 3,00,000 ಅಂದರೆ ಒಟ್ಟಿನ ಶೇ. 80. ಅದನ್ನು 0.80ರಿಂದ ಭಾಗಿಸಿ, ಒಟ್ಟು 3,75,000 ಆಯಿತು. ನಿಮ್ಮ ಪಾಲು 75,000. ಸುಲಭದ ಲೆಕ್ಕ ಬೇಕಾದರೆ, ಕೇಳುವ ಹಣದ ಕಾಲು ಭಾಗ ನಿಮ್ಮದು.

75,000 ನಗದಾಗಿಯೇ ಇರಬೇಕೆಂದಿಲ್ಲ. ಹಿರಿಯರು ಬಂದು ಕಲಿಸುವ ಗಂಟೆಗಳು, ಬಿಟ್ಟುಕೊಟ್ಟ ಕೋಣೆಯ ಬಾಡಿಗೆ, ದಾನ ಬಂದ ಬೀಜ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಬ್ಬ ಅಜ್ಜಿ ವಾರಕ್ಕೆ 4 ಗಂಟೆಯಂತೆ 40 ವಾರ ಕಲಿಸಿದರೆ 160 ಗಂಟೆ. ಅದೇ ಕೆಲಸಕ್ಕೆ ನಿಮ್ಮೂರಿನಲ್ಲಿ ಗಂಟೆಗೆ 30 ಡಾಲರ್ ಕೊಡುತ್ತಾರಾದರೆ 4,800 ಡಾಲರ್. ಆದರೆ ಅಂದಂದೇ ಬರೆದ ಹಾಜರಿ ಪುಸ್ತಕ ಬೇಕು: ದಿನಾಂಕ, ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ, ಸಹಿ. ವರ್ಷದ ಕೊನೆಗೆ ನೆನಪಿನಿಂದ ಒಂದೇ ಪೆನ್ನಿನಲ್ಲಿ ತುಂಬಿಸಿದ ಹಾಳೆಯನ್ನು ಆಡಿಟರ್ ನೋಡಿದೊಡನೆ ಗುರುತಿಸುತ್ತಾರೆ. ಇನ್ನೊಂದು ಕೇಂದ್ರ ಅನುದಾನದ ಹಣವನ್ನು, ಕಾನೂನೇ ಅವಕಾಶ ಕೊಡದ ಹೊರತು, ವಂತಿಗೆ ಎಂದು ತೋರಿಸುವಂತಿಲ್ಲ. ಹಣ ಹೊಂದಿಸಲು ಆಗದೇ ಇದ್ದರೆ ವಿನಾಯಿತಿ ಕೋರುವ ಅವಕಾಶವಿದೆ. ಅದನ್ನು ಅರ್ಜಿಯ ಜೊತೆಗೇ ಕೇಳಿ.

ಹಾಗೇ ಬಜೆಟ್ಟಿನಲ್ಲಿ ಪರೋಕ್ಷ ವೆಚ್ಚವನ್ನು ಬಿಡಬೇಡಿ. ಕರೆಂಟು, ಲೆಕ್ಕಿಗರ ಸಂಬಳ, ವಿಮೆಗೆ ಯಾರೂ ಬೇರೆ ಹಣ ಕೊಡುವುದಿಲ್ಲ. ಸರ್ಕಾರದೊಂದಿಗೆ ದರ ಗೊತ್ತುಮಾಡಿಕೊಂಡಿರದ ಸಂಸ್ಥೆಗಳಿಗೆ 2024ರ ಅಕ್ಟೋಬರ್ 1ರಿಂದ ಶೇ. 10ರ ಬದಲು ಶೇ. 15ರವರೆಗೆ ಅವಕಾಶವಿದೆ. ದೊಡ್ಡ ಯಂತ್ರಗಳ ಬೆಲೆ, ಬಾಡಿಗೆ ಮುಂತಾದವನ್ನು ಬಿಟ್ಟು ಉಳಿದ ನೇರ ವೆಚ್ಚದ ಮೇಲೆ ಅದನ್ನು ಹಾಕಬೇಕು. ಕಡಿಮೆ ಕೇಳಿದರೆ ಬೇಗ ಸಿಗುತ್ತದೆಂದು ಇದನ್ನು ಬಿಟ್ಟ ಸಂಸ್ಥೆಗೆ ಎರಡನೇ ವರ್ಷ ಕಚೇರಿ ನಡೆಸುವುದೇ ಕಷ್ಟವಾಗುತ್ತದೆ.

ಅರ್ಜಿಯ ತೂಕ ಹೆಚ್ಚಲಿ ಎಂದು ಹಿರಿಯರು ಹೇಳಿದ ಹಾಡು, ಆಚರಣೆಗಳ ಬರಹ ಸೇರಿಸಬಹುದೆ?
– ವಿದ್ಯಾರ್ಥಿ, ಮಿನೆಸೋಟಾ

ಬೇಡ. ಸರ್ಕಾರಕ್ಕೆ ಸಲ್ಲಿಸಿದ ಅರ್ಜಿಯನ್ನು ಅಲ್ಲಿನ ಮಾಹಿತಿ ಹಕ್ಕು ಕಾಯಿದೆಯಡಿ ಯಾರು ಬೇಕಾದರೂ ಕೇಳಬಹುದು. ಎಷ್ಟು ಮಕ್ಕಳು, ಎಷ್ಟು ಪಾಠ, ಯಾರ ಮೇಲ್ವಿಚಾರಣೆ ಎಂದಷ್ಟೇ ಬರೆಯಿರಿ. ಧ್ವನಿಮುದ್ರಣಗಳ ಒಡೆತನ ಸಮುದಾಯದ್ದೇ ಎಂಬ ಸಾಲು ಒಪ್ಪಂದದಲ್ಲಿರಲಿ. ಅರ್ಜಿಯ ತೂಕ ಹೆಚ್ಚಿಸುವ ಕಾಗದ ಬೇರೆಯೇ ಇದೆ: ಬುಡಕಟ್ಟು ಮಂಡಳಿಯ ಠರಾವು ಅಥವಾ ಸಮುದಾಯದ ಬೆಂಬಲ ಪತ್ರ, ಜೊತೆಗೆ ಆಡಳಿತ ಮಂಡಳಿಯಲ್ಲಿ ಆ ಸಮುದಾಯದವರೇ ಬಹುಮತದಲ್ಲಿದ್ದಾರೆ ಎಂಬ ದಾಖಲೆ. ಬುಡಕಟ್ಟು ಮಂಡಳಿಯ ಸಭೆ ಯಾವಾಗ ಎಂದು ಕೇಳಿಕೊಂಡೇ ಅರ್ಜಿಯ ದಿನ ಗೊತ್ತುಮಾಡಿ.

ನಾವು ಸೋಲಿಗ ಯುವಕರು, ಜೇನು ಮತ್ತು ನೆಲ್ಲಿಕಾಯಿಯ ಕೆಲಸಕ್ಕೆ ಸಂಘ ಕಟ್ಟಿದ್ದೇವೆ. ಅಮೆರಿಕದ ಇಂಥ ನಿಧಿಯಿಂದ ನಮಗೂ ಹಣ ಬರಬಹುದೆ ಸರ್?
– ಚಾಮರಾಜನಗರ ಜಿಲ್ಲೆಯಿಂದ

ಬರಬಹುದು, ಆದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ, ಅಂದರೆ ಎಫ್‌ಸಿಆರ್‌ಎ ಅನುಮತಿ ಇಲ್ಲದೆ ಒಂದು ಡಾಲರೂ ಮುಟ್ಟುವಂತಿಲ್ಲ. ನೋಂದಣಿಗೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚಾಗಿರಬೇಕು. ಹೊಸ ಸಂಘವಾದರೆ, ಒಬ್ಬ ದಾನಿಯಿಂದ ಇಂತಿಷ್ಟೇ ಮೊತ್ತ ಎಂದು ಪತ್ರ ತಂದು ಪೂರ್ವಾನುಮತಿ ಕೇಳಬಹುದು. ಬೆಂಗಳೂರಿನ ದೊಡ್ಡ ಸಂಸ್ಥೆ ವಿದೇಶಿ ಹಣ ಪಡೆದು ನಿಮಗೆ ಹಂಚುವ ಹಳೆಯ ಪದ್ಧತಿ 2020ರ ತಿದ್ದುಪಡಿಯಿಂದ ನಿಂತಿದೆ. ಅನುಮತಿ ಸಿಕ್ಕವರೂ ಹಣ ಪಡೆಯಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ.

ಸದ್ಯಕ್ಕೆ ನಿಮಗೆ ಹತ್ತಿರವಿರುವುದು ಕಾಡಿನ ಉತ್ಪನ್ನಗಳನ್ನು ಸಂಸ್ಕರಿಸಿ ಮಾರಲು ಸರ್ಕಾರ ನೆರವಾಗುವ ವನಧನ ಕೇಂದ್ರ. 20 ಜನರ 15 ಸ್ವಸಹಾಯ ಗುಂಪು ಕೂಡಿದರೆ ಒಂದು ಕೇಂದ್ರಕ್ಕೆ 15 ಲಕ್ಷದವರೆಗೆ ನೆರವಿದೆ. ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡುವ ಸಿಎಸ್‌ಆರ್ ಹಣ ಬೇಕಾದರೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ, ಕಂಪನಿ ವ್ಯವಹಾರ ಇಲಾಖೆಯ ಸಿಎಸ್‌ಆರ್-1 ಮೂರನ್ನೂ ಮಾಡಿಸಿಡಿ, ಮೂರು ವರ್ಷದ ಕೆಲಸದ ದಾಖಲೆಯನ್ನೂ ಕೇಳುತ್ತಾರೆ.

ಅಮೆರಿಕದಲ್ಲಿರುವ ಕನ್ನಡಿಗರು ಸ್ವಂತ ಉಳಿತಾಯದಿಂದ ಕೊಡಲು ಮುಂದೆ ಬಂದರೆ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿ. ಭಾರತದ್ದಾದರೆ, ಬ್ಯಾಂಕ್ ಮೂಲಕ ಬಂದ ಆ ಹಣ ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಪಾಸ್‌ಪೋರ್ಟಿನ ಪ್ರತಿ ಮತ್ತು ದಾನದ ಪತ್ರವನ್ನು ಕಡತದಲ್ಲಿಡಿ. ಅಮೆರಿಕದ ಪೌರತ್ವ ಪಡೆದವರಾದರೆ, ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ.